ದೃಷ್ಟಿ ಅಳಿಸಿ

ನನ್ನ ಕಣ್ಣಿಗೆ ಇನ್ನೊಬ್ಬರು ಟಾರ್ಚು ಬಿಟ್ಟು ನೋಡುವ ಕಾಲ ಬಂದರೆ ಅವತ್ತೇ ಕೆಲಸ ಬಿಡುತ್ತೇನೆ ಎಂದು ನಾನು ಹನ್ನೊಂದು ವರ್ಷದ ಹಿಂದೆ ಘೋಷಿಸಿದೆ. ಘೋಷಣೆ ನಡೆದದ್ದು ಅಡುಗೆಮನೆಯಲ್ಲಿ. ಸಭಿಕರು ಒಬ್ಬರೇ, ನನ್ನ ಹೆಂಡತಿ. ಅವಳೂ ಆಗ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು.

ಆ ದಿನ ನಮ್ಮ ಮಾಮೂಲಿ ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಇದೆ ಎಂದು ತೀರ್ಪು ಕೊಟ್ಟು ಎರಡು ಚೀಟಿ ಬರೆದಿದ್ದರು. ಒಂದರಲ್ಲಿ ಮಾತ್ರೆ, ಇನ್ನೊಂದರಲ್ಲಿ 'ಕಣ್ಣಿನ ತಪಾಸಣೆ'. ಮಾತ್ರೆಯ ಚೀಟಿ ಔಷಧಿ ಅಂಗಡಿಗೆ ಹೋಯಿತು. ಕಣ್ಣಿನ ಚೀಟಿಯಲ್ಲಿ ಡಾಕ್ಟರು 'ಣ' ಬದಲು 'ನ' ಬರೆದಿದ್ದರು. ನಾನು ಅದನ್ನು ಕೆಂಪು ಪೆನ್ನಿನಿಂದ ತಿದ್ದಿ, ಮಡಚಿ, ಶರ್ಟಿನ ಜೇಬಿಗೆ ಹಾಕಿದೆ. ಶರ್ಟು ಒಗೆಯಲು ಹೋಯಿತು. ಅಲ್ಲಿಗೆ ನನ್ನ ಕಣ್ಣಿನ ತಪಾಸಣೆ ಮುಗಿಯಿತು. ಡಾಕ್ಟರು ಮತ್ತೆ ಕೇಳಲಿಲ್ಲ, ನಾನು ಮತ್ತೆ ಹೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು.

ಕೆಂಪು ಪೆನ್ನು ಯಾಕೆ ಜೇಬಿನಲ್ಲಿತ್ತು ಎಂದರೆ, ನನ್ನ ಉದ್ಯೋಗ ಕರಡು ತಿದ್ದುವುದು. ಪ್ರೆಸ್ಸಿನಲ್ಲಿ ಕಂಪ್ಯೂಟರಿನಿಂದ ಇಳಿದ ಪ್ರತಿ ಪುಟವೂ ಅಚ್ಚಿಗೆ ಹೋಗುವ ಮುಂಚೆ ನನ್ನ ಮೇಜಿಗೆ ಬರುತ್ತದೆ. ಒತ್ತು, ದೀರ್ಘ, ಕೊಂಬು, ಸೊನ್ನೆ ಎಲ್ಲವನ್ನೂ ನಿಲ್ಲಿಸಿ ವಿಚಾರಣೆ ಮಾಡಿ, ಮೂಲೆಯಲ್ಲಿ ಸಹಿ ಹಾಕುತ್ತೇನೆ. ಆ ಸಹಿ ಬಿದ್ದ ಮೇಲೆ ದೇವರೇ ಇಳಿದು ಬಂದರೂ ಒಂದು ಕೊಂಬು ಅಲುಗಾಡುವುದಿಲ್ಲ. ಮೂವತ್ತೊಂದು ವರ್ಷ 'ಹಣ ಸಂಗ್ರಹ' 'ಹೆಣ ಸಂಗ್ರಹ' ಆಗದಂತೆ, 'ಸ್ಮರಣ ಸಂಚಿಕೆ' 'ಮರಣ ಸಂಚಿಕೆ' ಆಗದಂತೆ ಸಮಾಜವನ್ನು ಕಾಪಾಡಿಕೊಂಡು ಬಂದವನು ನಾನು. ಪ್ರೆಸ್ಸಿನಲ್ಲಿ ಎಲ್ಲರೂ ನನ್ನನ್ನು 'ಹದ್ದು' ಎಂದು ಕರೆಯುತ್ತಾರೆ. ಗೇಲಿಗೆ ಇಟ್ಟ ಹೆಸರು. ನಾನು ಬಿರುದು ಎಂದು ಸ್ವೀಕರಿಸಿದೆ.

ನನಗೆ ಬಂದ ಎರಡು ವರ್ಷಕ್ಕೆ ಹೆಂಡತಿಗೂ ಸಕ್ಕರೆ ಬಂತು. "ಇದರಲ್ಲಾದರೂ ಸಮಪಾಲು ಸಿಕ್ತಲ್ಲ" ಅಂದಳು. ಅಂದಿನಿಂದ ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲಿ ಒಂದೇ ಸಂಭಾಷಣೆ, ಒಂದೇ ಕರಡು.

"ರೀ, ಕಣ್ಣು ತೋರಿಸ್ಕೊಂಡು ಬರೋಣ."

"ನನಗೆ ಕಣ್ಣು ಕಾಣ್ತಿದೆ. ಕಾಣದೇ ಇರೋರು ಹೋಗ್ತಾರೆ."

"ಕಾಣ್ತಿರೋವಾಗಲೇ ಹೋಗ್ಬೇಕಂತೆ."

"ಹಸಿವಾಗೋ ಮುಂಚೆ ಊಟ ಮಾಡು ಅಂದ ಹಾಗಾಯ್ತು."

ಹೀಗೆ ವಾದದಲ್ಲಿ ಗೆದ್ದು ನಾನು ಪ್ರೆಸ್ಸಿಗೆ ಹೋಗುತ್ತಿದ್ದೆ. ಒಂದು ವರ್ಷ ರಕ್ತದ ಸಕ್ಕರೆ ಚೆನ್ನಾಗಿದೆ, ಕಣ್ಣಿಗೆ ಏನಾಗುತ್ತೆ ಅಂದೆ. ಮರುವರ್ಷ ಸಕ್ಕರೆ ಏರಿದೆ, ಮೊದಲು ಅದು ಇಳಿಯಲಿ ಅಂದೆ. ಕನ್ನಡಕದ ಅಂಗಡಿಯವನು ಗಾಜು ಬದಲಾಯಿಸಿ ಕೊಟ್ಟಾಗ, ನೋಡು, ಕಣ್ಣಿನ ಪರೀಕ್ಷೆಯೂ ಆಯಿತು ಅಂದೆ. ಅವನು ಹಲಗೆ ಮೇಲಿನ ಅಕ್ಷರ ಓದಿಸಿದ್ದನೇ ಹೊರತು ಕಣ್ಣಿನ ಒಳಗೆ ಇಣುಕಿರಲಿಲ್ಲ. ನಾನಂತೂ ಆ ಹಲಗೆಯ ಅಕ್ಷರಗಳ ಅಂತರ ಸರಿ ಇಲ್ಲ ಎಂದು ಅವನಿಗೇ ಪಾಠ ಮಾಡಿ ಬಂದಿದ್ದೆ. ಇನ್ನೊಂದು ವರ್ಷ ಎರಡು ಬಸ್ಸು ಬದಲಾಯಿಸಬೇಕು ಅಂದೆ. ಅದರ ಮುಂದಿನ ವರ್ಷ, ಅಲ್ಲಿ ಹನಿ ಹಾಕಿದರೆ ಇಡೀ ದಿನ ಮಬ್ಬು, ಕರಡು ಯಾರು ನೋಡುತ್ತಾರೆ ಅಂದೆ.

ಇವೆಲ್ಲ ಹೊರಗೆ ಹೇಳಿದ ಕಾರಣಗಳು. ಒಳಗೆ ಇದ್ದದ್ದು ಒಂದೇ, ಹೆದರಿಕೆ. ನಮ್ಮ ಪ್ರೆಸ್ಸಿನ ಬೈಂಡರು, ಪುಸ್ತಕ ಹೊಲಿದು ರಟ್ಟು ಕಟ್ಟುವವನು, ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಹೇಳಿದ್ದ: "ನಮ್ಮಣ್ಣ ನಡ್ಕೊಂಡು ಕಣ್ಣಾಸ್ಪತ್ರೆಗೆ ಹೋದ. ಕಣ್ಣೊಳಗೆ ಸೂಜಿ ಚುಚ್ಚಿದ್ರು. ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಬಂದ್ವಿ." ಆ ಅಣ್ಣ ಆಸ್ಪತ್ರೆಗೆ ಹೋಗುವ ಹೊತ್ತಿಗೇ ಕಣ್ಣು ಮುಕ್ಕಾಲು ಪಾಲು ಹೋಗಿತ್ತು ಎಂಬುದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ವಾಕ್ಯದಲ್ಲಿ ಬಿಟ್ಟುಹೋದ ಪದ ಹುಡುಕಿ ಸಂಬಳ ತೆಗೆದುಕೊಳ್ಳುವವನು ನಾನು. ಆ ವಾಕ್ಯವನ್ನು ಮಾತ್ರ ಹಾಗೇ ಮನೆಗೆ ಹೊತ್ತು ತಂದೆ.

ಕಳೆದ ವರ್ಷ ನನ್ನ ಕರಡುಗಳ ಮೇಲೂ ಅಚ್ಚಾಗಿ ಬಂದ ಹಾಳೆಗಳ ಮೇಲೂ ಕಪ್ಪು ಚುಕ್ಕೆಗಳು ಬೀಳತೊಡಗಿದವು. ಮೊದಲು ಒಂದು, ಆಮೇಲೆ ನಾಲ್ಕಾರು. ನಾನು ಸೀದಾ ಅಚ್ಚಿನ ಯಂತ್ರ ನಡೆಸುವ ಮಿಷಿನ್‌ಮ್ಯಾನ್ ಹತ್ತಿರ ಹೋದೆ.

"ನಿನ್ನ ರೋಲರ್ ಶಾಯಿ ಕಾರ್ತಿದೆ. ಹಾಳೆ ತುಂಬ ಚುಕ್ಕೆ."

ಅವನು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಎಲ್ಲಿದೆ ಸಾರ್?"

"ಇಲ್ಲಿ. ಈಗ ಇಲ್ಲಿ. ನೋಡು, ಈ ಕಡೆ ಬಂತು."

"ಓಡಾಡೋ ಶಾಯಿ ನಮ್ಮಲ್ಲಿಲ್ಲ ಸಾರ್."

ಮೂವತ್ತೊಂದು ವರ್ಷದ ಸೇವೆಗೆ ಸಿಕ್ಕ ಉತ್ತರ ಇದು. ನಾನು ಅವನ ಜೊತೆ ಮಾತು ಬಿಟ್ಟೆ. ಚುಕ್ಕೆ ಗೋಡೆಯ ಮೇಲೂ ಇತ್ತು, ಅನ್ನದ ಮೇಲೂ ಇತ್ತು, ಬಚ್ಚಲಿನ ಕನ್ನಡಿಯಲ್ಲಿ ನನ್ನ ಮೂಗಿನ ಮೇಲೂ ಇತ್ತು. ಅಷ್ಟಾದರೂ ತಪ್ಪು ಮಿಷಿನ್‌ಮ್ಯಾನ್‌ನದೇ ಎಂದು ನಂಬಲು ಎಷ್ಟು ಶ್ರಮ ಬೇಕು, ಯೋಚಿಸಿ. ಆ ಶ್ರಮ ಪಟ್ಟೆ.

ಹೀಗಿರುವಾಗ ಪ್ರೆಸ್ಸಿಗೆ ಒಂದು ಕರಪತ್ರದ ಕೆಲಸ ಬಂತು. ಕೊಟ್ಟವರು ಆ ಎರಡು ಬಸ್ಸಿನಾಚೆಯ ಕಣ್ಣಾಸ್ಪತ್ರೆಯವರೇ. ಸಕ್ಕರೆ ಕಾಯಿಲೆಯವರಿಗೆ ಮೂರು ದಿನದ ಉಚಿತ ತಪಾಸಣೆ ಶಿಬಿರ. ಐದು ಸಾವಿರ ಪ್ರತಿ, ಪೇಪರಿನೊಳಗಿಟ್ಟು ಮನೆಮನೆಗೆ ಹಂಚುವುದು. ಸಣ್ಣ ಅಕ್ಷರದಲ್ಲಿ ಎಲ್ಲ ವಿವರ: ಮೊದಮೊದಲು ಏನೂ ಗೊತ್ತಾಗುವುದಿಲ್ಲ, ಚುಕ್ಕೆ ಕಾಣಿಸಬಹುದು, ಕಾಯಬೇಡಿ, ವರ್ಷಕ್ಕೊಮ್ಮೆ ಬನ್ನಿ. ಅದನ್ನೆಲ್ಲ ನಾನು ಓದಿದೆ. ಹನ್ನೆರಡು ತಪ್ಪು ಹಿಡಿದೆ. 'ಚುಕ್ಕೆ ಕಾಣಿಸಬಹುದು' ಎಂಬಲ್ಲಿ 'ಚುಕ್ಕಿ'ಯೋ 'ಚುಕ್ಕೆ'ಯೋ ಎಂದು ನಿಘಂಟು ತೆಗೆದು ನೋಡಿದೆ. ಅರ್ಥ ಮಾತ್ರ ನನ್ನ ಇಲಾಖೆಗೆ ಸೇರಿದ್ದಲ್ಲ.

ಮೇಲೆ ದಪ್ಪಕ್ಷರದ ತಲೆಬರಹ ಇತ್ತು. ಅದರ ನಡುವೆ ಒಂದು ಅಕ್ಷರದ ಮೇಲೆಯೇ ಆ ಹಾಳು ಚುಕ್ಕೆ ಬಂದು ಕೂತಿತು. ಕಾಗದ ಸರಿಸಿದೆ, ಚುಕ್ಕೆಯೂ ಸರಿಯಿತು. ಕೆಳಗಿರುವ ಅಕ್ಷರ ಯಾವುದು ಎಂದು ನನಗೆ ಗೊತ್ತೇ ಇತ್ತಲ್ಲ. ಇಂಥ ತಲೆಬರಹ ಎಷ್ಟು ನೋಡಿಲ್ಲ.

ಅಕ್ಷರ ಜೋಡಿಸಿದ ಆಪರೇಟರ್ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಕೇಳಿದಳು, "ಸಾರ್, ತಲೆಬರಹ ಇನ್ನೊಂದ್ಸಲ ನೋಡ್ತೀರಾ? ಅವಸರದಲ್ಲಿ ಹೊಡೆದೆ."

"ಹದ್ದು ಒಂದೇ ಸಲ ನೋಡೋದು" ಎಂದು ಸಹಿ ಹಾಕಿದೆ.

ಶಿಬಿರದ ಎರಡನೇ ದಿನ ಬೆಳಿಗ್ಗೆ ಪ್ರೆಸ್ಸಿನ ಮಾಲೀಕರು ನನ್ನನ್ನು ಕೋಣೆಗೆ ಕರೆದು ಕರಪತ್ರವನ್ನು ಮೇಜಿನ ಮೇಲಿಟ್ಟರು. ಅವರು ಕೋಪ ಬಂದರೆ ಕೂಗುವುದಿಲ್ಲ, ಬಹುವಚನ ಬಳಸುತ್ತಾರೆ.

"ತಾವು ದಯವಿಟ್ಟು ಆಸ್ಪತ್ರೆಗೆ ಹೋಗಿ ಕ್ಷಮೆ ಕೇಳಿ ಬರಬೇಕು."

"ಏನು ತಪ್ಪಾಗಿದೆ?"

"ತಾವು ಹದ್ದು. ತಾವೇ ಹುಡುಕಿಕೊಳ್ಳಿ."

ನಾನು ಮನೆಗೆ ಬಂದು ಬಟ್ಟೆ ಬದಲಾಯಿಸುವಾಗ ಹೆಂಡತಿ ತಾನೂ ಬರುತ್ತೇನೆ ಅಂದಳು.

"ನೀನು ಯಾಕೆ?"

"ನೀವು ಕ್ಷಮೆ ಕೇಳೋಕೆ ಹೋಗಿ ಅವರ ವ್ಯಾಕರಣ ತಿದ್ದಿ ಬರ್ತೀರಿ. ಪಕ್ಕದಲ್ಲಿ ಒಬ್ಬರು ಇರಲಿ."

ಎರಡೂ ಬಸ್ಸಿನಲ್ಲಿ ನಾನು ಕರಪತ್ರವನ್ನು ಮೂಗಿಗೆ ಹಿಡಿದು ತಪ್ಪು ಹುಡುಕಿದೆ. "ಏನಂತ ಬರೆದಿದೆ ಓದಿ" ಅಂದಳು. "ನಿಮ್ಮ ದೃಷ್ಟಿ ಉಳಿಸಿ" ಎಂದು ಓದಿದೆ. "ಸರಿಯಾಗೇ ಇದೆಯಲ್ಲ" ಅಂದಳು. ನನಗೂ ಹಾಗೇ ಅನಿಸಿತು. ಕೊನೆಗೆ ತಲೆಬರಹದ ತುದಿಯಲ್ಲಿ ಪೂರ್ಣವಿರಾಮ ಇಲ್ಲದಿರುವುದು ಕಣ್ಣಿಗೆ ಬಿತ್ತು. ಒಂದು ಚುಕ್ಕೆಗೆ ಇಷ್ಟು ರಾದ್ಧಾಂತವೇ ಎಂದು ಬೇಸರವಾದರೂ, ಪೂರ್ಣವಿರಾಮದ ಮಹತ್ವ ತಿಳಿದ ಆಸ್ಪತ್ರೆ ಒಂದಿದೆಯಲ್ಲ ಎಂದು ಗೌರವ ಮೂಡಿತು.

ಶಿಬಿರದ ಹಾಲಿನಲ್ಲಿ ಸಾಲಾಗಿ ಕುರ್ಚಿ ಹಾಕಿದ್ದರು. ಅಷ್ಟೂ ಕುರ್ಚಿ ಖಾಲಿ. ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಮೇಜಿನ ಹಿಂದೆ ಕೈಕಟ್ಟಿ ಕೂತಿದ್ದರು. ನಾನು ಮುಂದೆ ಹೋಗಿ, ಪೂರ್ಣವಿರಾಮ ಬಿಟ್ಟುಹೋದದ್ದಕ್ಕೆ ಮುದ್ರಣಾಲಯದ ಪರವಾಗಿ ವಿಷಾದಿಸುತ್ತೇನೆ ಅಂದೆ.

ಅವರು ಕರಪತ್ರವನ್ನು ಎತ್ತಿ ಹಿಡಿದರು. "ಓದಿ."

"ನಿಮ್ಮ ದೃಷ್ಟಿ ಉಳಿಸಿ."

"ಎಡಗಣ್ಣು ಮುಚ್ಚಿಕೊಳ್ಳಿ. ಒಂದೊಂದೇ ಅಕ್ಷರ ಓದಿ."

ಎಡಗಣ್ಣು ಮುಚ್ಚಿದೆ. ಚುಕ್ಕೆ ಮಾಯವಾಯಿತು. ನಿ, ಮ್ಮ, ದೃ, ಷ್ಟಿ. ಆಮೇಲೆ ಒಂದು 'ಅ', ಹೆಬ್ಬೆರಳಿನಷ್ಟು ದಪ್ಪಕ್ಕೆ ಕೂತಿತ್ತು.

ನಿಮ್ಮ ದೃಷ್ಟಿ ಅಳಿಸಿ. ಕೆಳಗೆ: ಸಂಪೂರ್ಣ ಉಚಿತ.

"ನಿನ್ನೆ ಇನ್ನೂರು ಜನ ಬರಬೇಕಿತ್ತು" ಅಂದರು ಡಾಕ್ಟರು. "ಹದಿನಾಲ್ಕು ಜನ ಬಂದರು. ಅದರಲ್ಲಿ ಇಬ್ಬರು ಜಗಳಕ್ಕೆ ಬಂದವರು. ಒಬ್ಬ ಅಜ್ಜ ಫೋನ್ ಮಾಡಿ, ಅಳಿಸೋಕೆ ಎಷ್ಟು ಹೊತ್ತಾಗುತ್ತೆ ಅಂತ ಕೇಳಿದ್ರು. ಮೊದಲೇ ಜನ ಹೆದರ್ತಾರೆ. ಕಣ್ಣು ಕಿತ್ತುಬಿಡ್ತಾರೆ ಅಂತ ಹೇಳ್ಕೊಂಡು ತಿರುಗೋರು ಊರು ತುಂಬ ಇದ್ದಾರೆ. ಈಗ ನಾವೇ ಅಚ್ಚು ಹಾಕಿಸಿ ಹಂಚಿದ್ದೀವಿ."

ಬೈಂಡರು ಒಬ್ಬನೇ ಡಬ್ಬಿ ಮುಂದೆ ಕೂತು ಒಬ್ಬನನ್ನು ಹೆದರಿಸಿದ್ದ. ನಾನು ಒಂದು ಸಹಿಯಲ್ಲಿ ಐದು ಸಾವಿರ ಮನೆ ಮುಗಿಸಿದ್ದೆ.

"ನಿಮಗೆ ಸಕ್ಕರೆ ಇದೆಯಾ?"

"ಇದೆ. ಹನ್ನೊಂದು ವರ್ಷ. ಆದರೆ ಕಣ್ಣು ಚೆನ್ನಾಗಿದೆ."

"ಈಗ ತಾನೇ ನೋಡಿದೆ" ಅಂದರು. "ನಿಮ್ಮ ಕಣ್ಣು ಅರ್ಧ ಓದಿತು, ಉಳಿದದ್ದನ್ನು ತಲೆ ತುಂಬಿಸಿಕೊಂಡಿತು. ಕೂತ್ಕೊಳ್ಳಿ."

ಕೂತೆ. ಸಿಸ್ಟರ್ ಹನಿ ಹಾಕಿದರು. ಉರಿಯಿತು, ಅಷ್ಟೆ. ಹನ್ನೊಂದು ವರ್ಷ ನಾನು ಓಡಿ ತಪ್ಪಿಸಿಕೊಂಡದ್ದು ಈರುಳ್ಳಿ ಹೆಚ್ಚಿದರೆ ಆಗುವುದಕ್ಕಿಂತ ಕಡಿಮೆ ಉರಿ.

"ಜೊತೆಗೆ ಯಾರಿದ್ದಾರೆ?" ಎಂದು ಸಿಸ್ಟರ್ ಕೇಳಿದರು. ಹೆಂಡತಿ ಎದ್ದು ನಿಂತಳು. "ನಿಮಗೇನಾದರೂ ಸಕ್ಕರೆ ಇದೆಯಾ ಅಮ್ಮ?"

"ಒಂಬತ್ತು ವರ್ಷ ಆಯ್ತು."

"ಕಣ್ಣು ಯಾವಾಗ ತೋರಿಸಿದ್ರಿ?"

"ಇವರು ತೋರಿಸ್ಲಿ, ಆಮೇಲೆ ನಾನು ತೋರಿಸೋಣ ಅಂತ ಇದ್ದೆ."

"ಬನ್ನಿ, ನೀವೂ ಕೂತ್ಕೊಳ್ಳಿ. ಇವತ್ತು ಹೇಗೂ ಜನ ಇಲ್ಲ."

ಆಗ ನಾನು ಒಂದು ಮಾತು ಆಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಒಪ್ಪಿಕೊಳ್ಳಲು ಕೂತ ಮೇಲೆ ಪೂರ್ತಿ ಒಪ್ಪಿಕೊಳ್ಳಬೇಕು. "ಇಬ್ಬರಿಗೂ ಹನಿ ಹಾಕಿದ್ರೆ ನನ್ನನ್ನ ಮನೆಗೆ ಯಾರು ಕರ್ಕೊಂಡು ಹೋಗ್ತಾರೆ? ಅವಳದ್ದು ಇನ್ನೊಂದು ದಿನ ಆಗಲಿ."

"ಇನ್ನೊಂದು ದಿನ ನನ್ನನ್ನ ಯಾರು ಕರ್ಕೊಂಡು ಬರ್ತಾರೆ?" ಅಂದಳು ಹೆಂಡತಿ. ಅವಳ ದನಿ ಏರಲಿಲ್ಲ. ಹೋಗಿ ಕುರ್ಚಿಯ ಮೇಲೆ ಕೂತಳು.

ಹನಿ ಹಾಕುವ ಮೊದಲು ಹಲಗೆ ಓದಿಸಿದರು. ಸಿಸ್ಟರ್ ಅವಳ ಬಲಗಣ್ಣು ಮುಚ್ಚಿಸಿದರು. ತಡವರಿಸುತ್ತಾ ಮೇಲಿನಿಂದ ಐದು ಸಾಲು ಓದಿದಳು. ನಾನು ದೂರದಿಂದಲೇ, "ಆರನೆಯದೂ ಓದು, ಅವಸರ ಮಾಡಬೇಡ" ಎಂದು ಮೇಷ್ಟ್ರುಗಿರಿ ಮಾಡಿದೆ. ಆಮೇಲೆ ಎಡಗಣ್ಣು ಮುಚ್ಚಿಸಿದರು.

"ಓದಿ ಅಮ್ಮ."

"ಏನನ್ನ?"

"ಹಲಗೆ ಮೇಲಿರೋದನ್ನ."

"ಹಲಗೆ ಎಲ್ಲಿದೆ?"

ಹಲಗೆ ಅವಳ ಎದುರಿಗೇ ಇತ್ತು, ಒಳಗೆ ದೀಪ ಉರಿಯುತ್ತಿತ್ತು. ಸಿಸ್ಟರ್ ಅವಳ ಬಲಗಣ್ಣಿನ ಮುಂದೆ ಕೈ ಆಡಿಸಿದರು. ಆಮೇಲೆ ಟಾರ್ಚು ಬಿಟ್ಟು, "ಬೆಳಕು ಗೊತ್ತಾಗ್ತಿದೆಯಾ?" ಅಂದರು. "ಗೊತ್ತಾಗುತ್ತೆ, ಎಲ್ಲಿಂದ ಅಂತ ತಿಳಿಯಲ್ಲ" ಅಂದಳು.

ಆ ಹೊತ್ತಿಗೆ ನನಗೆ ಹಾಕಿದ್ದ ಹನಿ ಕೆಲಸ ಶುರುಮಾಡಿತ್ತು. ಹೆಂಡತಿಯ ಮುಖ ಕರಗಿ ಬಿಳಿ ಉಂಡೆಯಾಗಿತ್ತು. ಅದನ್ನೇ ನೋಡುತ್ತಾ ಕೂತೆ. ಒಂದು ವರ್ಷದಿಂದ ಅವಳು ನೀರು ಬಗ್ಗಿಸಿದರೆ ಅರ್ಧ ಲೋಟದಲ್ಲಿ, ಅರ್ಧ ಮೇಜಿನ ಮೇಲೆ. ವಯಸ್ಸಾಯಿತು ನಿನಗೆ ಎಂದು ನಗುತ್ತಿದ್ದೆ. ಬಾಗಿಲಿನ ಬಲಗಡೆಯ ಚೌಕಟ್ಟಿಗೆ ಭುಜ ಹೊಡೆದುಕೊಂಡರೆ, ಮೂವತ್ತು ವರ್ಷದಿಂದ ಬಾಗಿಲು ಅಲ್ಲೇ ಇದೆ ಎನ್ನುತ್ತಿದ್ದೆ. ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುತ್ತಿದ್ದವಳು ಇದ್ದಕ್ಕಿದ್ದಂತೆ ಹೊಲಿಗೆ ಮಿಷಿನ್ನಿಗೆ ಮುಸುಕು ಹಾಕಿದಾಗ, "ಒಳ್ಳೇದಾಯ್ತು, ಆ ಕಟಕಟ ಸದ್ದಿನಲ್ಲಿ ನನಗೆ ಓದೋಕಾಗ್ತಿರಲಿಲ್ಲ" ಎಂದಿದ್ದೆ. ಎರಡು ಅಕ್ಷರದ ನಡುವೆ ಕೂದಲಿನಷ್ಟು ಜಾಗ ಹೆಚ್ಚಾದರೆ ಹಿಡಿಯುವವನು ನಾನು.

ಡಾಕ್ಟರು ಇಬ್ಬರ ಕಣ್ಣನ್ನೂ ನೋಡಿ ಮುಗಿಸಿದರು. ನನ್ನ ಎಡಗಣ್ಣಿನ ಒಳಗೆ ರಕ್ತ ಜಿನುಗಿತ್ತು. ಲೇಸರ್ ಮಾಡಬೇಕು, ಮಾಡಿದರೆ ನಿಲ್ಲುತ್ತದೆ, ಸರಿಯಾದ ಸಮಯಕ್ಕೆ ಬಂದಿರಿ ಅಂದರು. ನಾನು ಸಮಯಕ್ಕೆ ಬಂದದ್ದು ನನ್ನದೇ ತಪ್ಪಿನ ಬೆನ್ನು ಹತ್ತಿ. ಹೆಂಡತಿಯ ಬಲಗಣ್ಣಿನ ಒಳಪರದೆ ಕಿತ್ತುಬಂದು ತಿಂಗಳುಗಳಾಗಿದ್ದವು.

"ಎರಡು ವರ್ಷ ಮುಂಚೆ ಬಂದಿದ್ರೆ ಇಷ್ಟು ಆಗ್ತಿರಲಿಲ್ಲ ಅಮ್ಮ. ಏನೂ ಗೊತ್ತಾಗಲಿಲ್ವಾ?"

"ಗೊತ್ತಾಗಿತ್ತು. ಪೊರೆ ಬಂದಿರ್ಬೇಕು ಅಂದ್ಕೊಂಡೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪು ಯಾರದ್ದಾದರೂ ಆಗಲಿ, ನನ್ನದಾಗದಿದ್ದರೆ ಸಾಕು ಎನ್ನುವಾಗ ಬರುವ ಸಿಟ್ಟು. "ನನಗೆ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ದೆ."

"ಯಾವಾಗ?"

"ಹೋದ ವರ್ಷ. ನೀವು ಮನೆಗೆ ಕರಡು ತಂದಿದ್ರಿ. ರೀ, ಈ ಕಣ್ಣು ಮಂಜಾಗ್ತಿದೆ ಅಂದೆ. ನೀವು ತಲೆ ಎತ್ತದೇನೇ, ಮಂಜಾಗ್ತಿದೆ ಅನ್ನಬಾರದು, ಮಬ್ಬಾಗ್ತಿದೆ ಅನ್ನಬೇಕು ಅಂದ್ರಿ."

ಡಾಕ್ಟರು ಏನೋ ಬರೆಯತೊಡಗಿದರು. ಸಿಸ್ಟರ್ ಕಿಟಕಿಯ ಕಡೆ ತಿರುಗಿದರು. ನನಗೆ ಆ ದಿನ ನೆನಪಿಗೆ ಬರಲಿಲ್ಲ. ಈಗಲೂ ಬಂದಿಲ್ಲ. ಆದರೆ ವಾಕ್ಯ ನನ್ನದೇ, ಅನುಮಾನವಿಲ್ಲ.

ಅವಳ ಎಡಗಣ್ಣನ್ನಾದರೂ ಕಾಪಾಡಿಕೊಳ್ಳಲು ಚಿಕಿತ್ಸೆ ಕೂಡಲೇ ಶುರುವಾಗಬೇಕು ಎಂದು ಒಂದು ಒಪ್ಪಿಗೆ ಪತ್ರ ಕೊಟ್ಟರು. ಮನೆಯವರ ಸಹಿ ಬೇಕು. ಕಾಗದ ಕೈಗೆ ಬಂತು. ಅದರ ಮೇಲೆ ಬೂದು ಬಣ್ಣದ ಗೀರುಗಳಿದ್ದವು, ಒಂದು ಅಕ್ಷರವೂ ಕಾಣಲಿಲ್ಲ. "ಏನು ಬರೆದಿದೆ ಓದಿ" ಅಂದಳು ಹೆಂಡತಿ, ಎಂದಿನಂತೆ. ನನಗೆ ಕಾಣುತ್ತಿಲ್ಲ ಅಂದೆ. ಸಿಸ್ಟರ್ ಓದಿದರು: ಬಲಗಣ್ಣಿನ ದೃಷ್ಟಿ ಮರಳಿ ಬರುವುದಿಲ್ಲ ಎಂಬುದನ್ನು ರೋಗಿಗೂ ಅವರ ಮನೆಯವರಿಗೂ ತಿಳಿಸಲಾಗಿದೆ. ಅವರು ಬೆರಳಿಟ್ಟು ತೋರಿಸಿದ ಕಡೆ ನಾನು ಸಹಿ ಹಾಕಿದೆ. ಸಹಿ ಗೆರೆಯ ಮೇಲೆ ಬಿತ್ತೋ ಕೆಳಗೆ ಬಿತ್ತೋ ತಿಳಿಯದು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಈಟಿಯಿಂದ ಚುಚ್ಚಿದಂತಿತ್ತು. ರಸ್ತೆಯಾಚೆ ಬಸ್‌ಸ್ಟಾಪು. ನಾನು ಅವಳ ಕೈ ಹಿಡಿದೆ, ಅವಳು ನನ್ನ ಕೈ ಹಿಡಿದಳು. ಯಾರು ಯಾರನ್ನು ದಾಟಿಸುತ್ತಿದ್ದೇವೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಎರಡು ಹೆಜ್ಜೆ ಇಟ್ಟು, ಹಾರ್ನ್ ಕೇಳಿ, ಎರಡು ಹೆಜ್ಜೆ ಹಿಂದೆ ಬಂದೆವು. ಹೀಗೆ ಮೂರು ಸಲ ಆಯಿತು. ಕೊನೆಗೆ ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು, "ಬನ್ನಿ" ಎಂದು ಇಬ್ಬರನ್ನೂ ದಾಟಿಸಿ ಬೆಂಚಿನ ಮೇಲೆ ಕೂರಿಸಿದಳು. "ಇಬ್ಬರನ್ನೇ ಕಳಿಸಿದ್ದಾರಲ್ಲ, ಮನೇಲಿ ಯಾರೂ ಇಲ್ವಾ?" ಎಂದು ಕೇಳಿದಳು.

"ಇದ್ದಾರೆ" ಅಂದಳು ಹೆಂಡತಿ. "ಅವರು ಕೆಲಸಕ್ಕೆ ಹೋಗಿರ್ತಾರೆ." ನಮ್ಮ ಮನೆಯಲ್ಲಿ ಕೆಲಸಕ್ಕೆ ಹೋಗುವವನು ನಾನೊಬ್ಬನೇ.

ಕರಪತ್ರ ಮತ್ತೆ ಅಚ್ಚಾಯಿತು. ಶಿಬಿರವನ್ನು ಮುಂದಿನ ತಿಂಗಳು ಹೊಸದಾಗಿ ನಡೆಸಿದರು. ತಲೆಬರಹ ಓದಿ ಸಹಿ ಹಾಕಿದ್ದು ಆಪರೇಟರ್. ಎರಡನೆಯ ಸಲ ಎಂಬತ್ತು ಜನ ಬಂದರಂತೆ. ಉಳಿದ ನೂರಿಪ್ಪತ್ತು ಮಂದಿ ಮೊದಲಿನ ಕರಪತ್ರವನ್ನೇ ನಂಬಿ ಮನೆಯಲ್ಲಿ ಉಳಿದರೋ ಏನೋ, ನನ್ನ ಹತ್ತಿರ ಲೆಕ್ಕವಿಲ್ಲ. ಪ್ರೆಸ್ಸಿಗೆ ಮರಳಿದ ಮೊದಲ ದಿನವೇ ಮಿಷಿನ್‌ಮ್ಯಾನ್ ಹತ್ತಿರ ಹೋಗಿ, ಶಾಯಿ ನಿನ್ನದಲ್ಲ ಕಣಪ್ಪ ಅಂದೆ. ಬೈಂಡರನ ಪಕ್ಕ ಕೂತು ಅವನ ಅಣ್ಣನ ಕಥೆಯನ್ನು ಪೂರ್ತಿ ಕೇಳಿಸಿಕೊಂಡೆ. ಬಿಟ್ಟುಹೋದ ಭಾಗ ಅವನಿಗೂ ಗೊತ್ತಿತ್ತು, ಹೇಳಲು ನಾಚಿಕೆಯಾಗಿತ್ತಂತೆ.

ಈಗ ನಾವು ಎರಡು ತಿಂಗಳಿಗೊಮ್ಮೆ ಎರಡೂ ಬಸ್ಸು ಹತ್ತಿ ಹೋಗಿಬರುತ್ತೇವೆ. ರಜೆ ಕೇಳಿದರೆ ಮಾಲೀಕರು ಏಕವಚನದಲ್ಲೇ ಕೊಡುತ್ತಾರೆ. ಇಷ್ಟು ಸುಲಭವಾಗಿ ಸಿಗುತ್ತದೆಂದು ಗೊತ್ತಿರಲಿಲ್ಲ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲವಲ್ಲ. ನಡೆಯುವಾಗ ನಾನು ಅವಳ ಬಲಗಡೆಗೆ ಇರುತ್ತೇನೆ. ನೀರು ನಾನೇ ಬಗ್ಗಿಸುತ್ತೇನೆ, ಮೆಟ್ಟಿಲು ಬಂದರೆ ಹೇಳುತ್ತೇನೆ, ಮಾತ್ರೆಯ ಹೆಸರು ಓದಿ ಕೈಗಿಡುತ್ತೇನೆ. ಅವಳು ಬೇಡ ಎನ್ನುವುದಿಲ್ಲ. ಬೇಕು ಎಂದೂ ಹೇಳಿಲ್ಲ.

ಮೊನ್ನೆ ಆಸ್ಪತ್ರೆಯಿಂದ ಬಂದು ಗೇಟಿನ ಹತ್ತಿರ ಅವಳ ಕೈ ಹಿಡಿದು ನಿಂತಿದ್ದಾಗ, ಎದುರುಮನೆಯ ಅಕ್ಕ ನೋಡಿದರು. ಹಲವು ತಿಂಗಳಿಂದ ನಮ್ಮನ್ನು ನೋಡುತ್ತಲೇ ಇದ್ದರಂತೆ. ನನಗೂ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದರು, "ಪುಣ್ಯ ಮಾಡಿದ್ದೀಯಮ್ಮ ನೀನು. ನಿಮ್ಮ ಯಜಮಾನರು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾರೆ."

ನಾನು ವಿನಯದಿಂದ ತಲೆ ತಗ್ಗಿಸಿ ಗೇಟಿನ ಚಿಲಕ ತೆಗೆದೆ.

"ಹೌದಕ್ಕ" ಅಂದಳು ಹೆಂಡತಿ. "ಎರಡಿದ್ದಾಗ ಅವರಿಗೆ ಪುರುಸೊತ್ತಿರಲಿಲ್ಲ. ಒಂದಾದ ಮೇಲೆ ಶುರು ಮಾಡಿದ್ರು."